ಎಲೆ ಎತ್ತುವವರು ಯಾರು?

ಕಲೆಗೆ ಜಾತಿ ಇಲ್ಲವಂತೆ.

ಹೋದ ಚಳಿಗಾಲದಲ್ಲಿ ಬೆಳಗಾವಿ ಶಹರದ ಒಂದು ಸಭೆಯಲ್ಲಿ ಈ ಮಾತನ್ನು ನಾವು ಒಂದೇ ದಿನ ನಾಲ್ಕು ಸಲ ಕೇಳಿದೆವು. ಉದ್ಘಾಟಕರು ಹೇಳಿದರು. ಅಧ್ಯಕ್ಷರು ಹೇಳಿದರು. ಮುಖ್ಯ ಅತಿಥಿಗಳು ಹೇಳಿದರು. ಕೊನೆಗೆ ವಂದನಾರ್ಪಣೆಗೆ ಎದ್ದವರೂ ಬಿಡಲಿಲ್ಲ. ನಾಲ್ಕು ಸಲವೂ ಚಪ್ಪಾಳೆ ಬಿತ್ತು. ಸಭೆ ನಡೆಸಿದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಅದೊಂದೇ ಸಂಸ್ಥೆ ಹಾಗಿದ್ದರೆ ನಾವು ಇಷ್ಟು ಹಾಳೆ ಖರ್ಚು ಮಾಡುತ್ತಿರಲಿಲ್ಲ.

ಅಂದು ಹಿರಿಯ ಕಲಾವಿದರೊಬ್ಬರಿಗೆ ಸನ್ಮಾನ. ಅವರನ್ನು ಮೆರವಣಿಗೆಯಲ್ಲಿ ಕರೆತರಲು ಖಾನಾಪುರ ತಾಲೂಕಿನ ಒಂದು ಕೇರಿಯಿಂದ ಐದು ಮಂದಿ ಹಲಗಿಯವರನ್ನು ಕರೆಸಿದ್ದರು. ಅದು ನಮ್ಮ ಕೇರಿ. ಅವರು ನಮ್ಮ ಅಜ್ಜಂದಿರು, ಕಾಕಾಗಳು. ಬೆಳಗಾವಿಯಲ್ಲಿ ಓದಿದ ನಾವು ನಾಲ್ವರು ಹುಡುಗರು ಅವರ ಜೊತೆಗಿದ್ದೆವು. ಅವರು ಬಿಸಿಲಲ್ಲಿ ಎರಡು ತಾಸು ಬಾರಿಸಿದರು. ರಸ್ತೆಯ ಮಂದಿ ನಿಂತು ನೋಡಿದರು. ಸಭಾಭವನದ ಬಾಗಿಲಿಗೆ ಬಂದೊಡನೆ ಯಾರೋ ಕೈ ಎತ್ತಿ, "ಸಾಕ್ರೀ, ಇನ್ನ ನಿಂದರಸ್ರಿ" ಅಂದರು. ಹಲಗಿ ನಿಂತಿತು. ಮೆರವಣಿಗೆ ಒಳಗೆ ಹೋಯಿತು. ಹಲಗಿ ಹೊರಗೆ ಉಳಿಯಿತು.

ಒಳಗೆ ವೇದಿಕೆಯ ಮೇಲೆ ಸಂವಾದ ನಡೆಯಿತು. ಹಿರಿಯರಿಗೆ ಕೇಳಿದರು: ತಾವು ಕಲಾವಿದರಾದದ್ದು ಏಕೆ? ಒಂದು ಜೀವಮಾನವನ್ನೇ ಇದಕ್ಕೆ ಕೊಟ್ಟಿರಲ್ಲ, ಕಾರಣವೇನು? ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ ಒಳಗಿನ ತುಡಿತ ಅಂದರು, ಆತ್ಮಸಂತೋಷ ಅಂದರು. ಅವರ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆ ವಯಸ್ಸಿಗೂ ಅವರ ಬೆರಳಲ್ಲಿ ಬಣ್ಣದ ಕಲೆ ಇತ್ತು. ನಮ್ಮ ಜಗಳ ಅವರ ಜೊತೆ ಅಲ್ಲ.

ಆಮೇಲೆ ಊಟ. ಒಳಗೆ ಬಾಳೆ ಎಲೆ ಹಾಕಿದರು. ಹಲಗಿಯವರಿಗೆ ಶಾಮಿಯಾನದ ಹಿಂದೆ, ನೀರಿನ ಡ್ರಮ್ಮುಗಳ ಪಕ್ಕ, ಪೊಟ್ಟಣದಲ್ಲಿ ಅನ್ನ ಕೊಟ್ಟರು. ಅವರು ಉಂಡರು. ರೊಕ್ಕದ ದಾರಿ ಕಾಯುತ್ತಾ ಕುಂತರು. ಆಗ ಒಬ್ಬ ಕಾರ್ಯಕರ್ತ ಬಂದ. ಒರಟಾಗಿ ಅಲ್ಲ, ನಗುನಗುತ್ತಲೇ ಹೇಳಿದ: "ಹೆಂಗೂ ಕುಂತೀರಲ್ಲ, ಒಳಗಿನ ಎಲಿ ಒಂದಿಷ್ಟು ಎತ್ತಿಬಿಡ್ರಿ. ಅಷ್ಟರಾಗ ಸಾಹೇಬ್ರು ಪಾಕೀಟು ಕೊಡ್ತಾರ."

ಐವರಲ್ಲಿ ನಾಲ್ವರು ಎದ್ದು ಹೋಗಿ ಎಲೆ ಎತ್ತಿದರು. ಎಲ್ಲರಿಗಿಂತ ಹಿರಿಯ ಅಜ್ಜ ಒಬ್ಬ ಏಳಲಿಲ್ಲ. ಬಿ.ಎ. ಪಾಸಾದ ನಾವು, ಕವಿತೆ ಬರೆಯುವ ನಾವು, ಏಪ್ರಿಲ್ 14ಕ್ಕೆ ಗಂಟಲು ಹರಿಯುವಂತೆ ಕೂಗುವ ನಾವು, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದೆವು. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇವೆ.

ಆರು ಕಾರಣಗಳು

ಕಲೆ ಏಕೆ ಎಂಬ ಪ್ರಶ್ನೆಗೆ ಕನ್ನಡದ ಬಿ.ಎ. ತರಗತಿಯಲ್ಲಿ ಉತ್ತರವನ್ನು ಬಾಯಿಪಾಠ ಮಾಡಿಸುತ್ತಾರೆ. ಕಾವ್ಯದ ಪ್ರಯೋಜನಗಳು ಆರು ಎಂದು ಮಮ್ಮಟ ಹೇಳಿದ. ಯಶಸ್ಸು, ಹಣ, ವ್ಯವಹಾರ ಜ್ಞಾನ, ಅಮಂಗಲದ ನಿವಾರಣೆ, ಓದಿದ ಕ್ಷಣವೇ ದೊರಕುವ ಪರಮಾನಂದ, ಪ್ರಿಯೆ ಹೇಳಿದ ಹಾಗೆ ಹಿತವಾದ ಉಪದೇಶ. ನಾವೂ ಬರೆದೆವು, ಅಂಕ ಪಡೆದೆವು. ಈಗ ಅದೇ ಆರನ್ನು ನಮ್ಮ ಕೇರಿಗೆ ತಂದು ತೂಗಿ ನೋಡೋಣ.

ಯಶಸ್ಸು. ಹಲಗಿಯವನ ಹೆಸರು ಯಾವ ಕರೆಯೋಲೆಯಲ್ಲಿ ಅಚ್ಚಾಗಿದೆ? "ಹಲಗಿ ಮೇಳದೊಂದಿಗೆ ಭವ್ಯ ಮೆರವಣಿಗೆ" ಎಂದು ಹಾಕುತ್ತಾರೆ. ಮೇಳಕ್ಕೆ ಹೆಸರಿಲ್ಲ. ನಮ್ಮ ಜಿಲ್ಲೆಯ ನಿಪ್ಪಾಣಿ, ಅಥಣಿ ಕಡೆಯ ಸಮಗಾರ ಬಂಧುಗಳು ತಲೆಮಾರುಗಳಿಂದ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಲ್ಲಿ ಲೋಕ ಸುತ್ತಿತು. ಅಂಥದೇ ಚಪ್ಪಲಿ 2025ರ ಜೂನಿನಲ್ಲಿ ಇಟಲಿಯ ಮಿಲಾನ್ ಶಹರದಲ್ಲಿ ಪ್ರಾಡಾ ಕಂಪನಿಯ ಪ್ರದರ್ಶನದಲ್ಲಿ ನಡೆದಾಡಿತು. ಎಲ್ಲಿಂದ ಬಂತು ಎಂಬ ಮಾತೇ ಇರಲಿಲ್ಲ. ಇಲ್ಲಿ ಗದ್ದಲ ಎದ್ದ ಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಕಾಲಿಗೆ ಹಾಕಿಕೊಳ್ಳುವಾಗ ಚಂದ. ಹೊಲಿದವನ ಹೆಸರು ಮಾತ್ರ ಯಾರ ನಾಲಿಗೆಗೂ ಹತ್ತುವುದಿಲ್ಲ.

ಹಣ. ಅಜ್ಜನ ಕಾಲದಲ್ಲಿ ಸುಗ್ಗಿಗೆ ಆಯದ ಕಾಳು ಇತ್ತು. ಅದು ಕೂಲಿ ಅಲ್ಲ, ಕಟ್ಟಿಹಾಕುವ ಹಗ್ಗ. ಕಾಳು ತಿಂದವನು ಕರೆದಾಗ ಬರಬೇಕು. ಇಂದು ಐದು ಮಂದಿಗೆ ಕೂಡಿ ಒಂದು ಪಾಕೀಟು. ಅದೂ ಎಲೆ ಎತ್ತಿದ ಮೇಲೆ.

ವ್ಯವಹಾರ ಜ್ಞಾನ. ಇದು ನಮ್ಮವರಿಗೆ ಮಮ್ಮಟನಿಗಿಂತ ಚೆನ್ನಾಗಿ ಗೊತ್ತು. ಎಲ್ಲಿ ಚಪ್ಪಲಿ ಬಿಡಬೇಕು, ಎಷ್ಟು ದೂರ ನಿಲ್ಲಬೇಕು, ಯಾವ ಬಾಗಿಲಿಗೆ ಹಲಗಿ ನಿಲ್ಲಿಸಬೇಕು.

ಅಮಂಗಲದ ನಿವಾರಣೆ. ಊರಲ್ಲಿ ಸತ್ತವರ ಮುಂದೆ ಬಾರಿಸುತ್ತಾ ನಡೆದವರು ನಾವೇ. ಊರಿನ ಅಮಂಗಲ ಊರಿನಿಂದ ಹೋಯಿತು, ನಿಜ. ನಮ್ಮ ಮೈಗೆ ಅಂಟಿತು.

ಹಿತವಾದ ಉಪದೇಶ. ನಮಗೆ ಸಿಕ್ಕಿದ ಉಪದೇಶ ಹಿತವಾಗಿರಲಿಲ್ಲ. ಅದರ ಭಾಷೆಯನ್ನು ಇಲ್ಲಿ ಅಚ್ಚು ಹಾಕುವುದಿಲ್ಲ.

ಉಳಿದದ್ದು ಆನಂದ. ಅದಕ್ಕೆ ಕೊನೆಗೆ ಬರುತ್ತೇವೆ. ಅದನ್ನು ನಾವು ಬಿಟ್ಟುಕೊಡುವವರಲ್ಲ.

ಹನ್ನೊಂದು ವರ್ಷದ ಹುಡುಗಿ

ಆ ದಿನ ಸಭಾಭವನದ ಗೋಡೆಗೆ ಒರಗಿ ನಿಂತಾಗ ನಮಗೆ ನೆನಪಾದದ್ದು ಇದೇ ಬೆಳಗಾವಿಯ ನೂರು ವರ್ಷ ಹಿಂದಿನ ಒಂದು ಸಂಗತಿ.

1924ರ ಡಿಸೆಂಬರ್. ಟಿಳಕವಾಡಿಯ ಬಯಲಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧಿ ಅಧ್ಯಕ್ಷರು. ಅವರು ಅಧ್ಯಕ್ಷರಾದದ್ದು ಅದೊಂದೇ ಅಧಿವೇಶನಕ್ಕೆ. ಬಯಲಿಗೆ ವಿಜಯನಗರ ಎಂದು ಹೆಸರಿಟ್ಟರು, ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂದರು. ಬಾವಿ ಇಂದಿಗೂ ಇದೆ, ಪಕ್ಕದಲ್ಲಿ ವೀರಸೌಧ ಇದೆ. 2024ರಲ್ಲಿ ನೂರು ವರ್ಷ ತುಂಬಿದಾಗ ಶಹರಕ್ಕೆಲ್ಲ ದೀಪ ಹಾಕಿದರು. ನಾವೂ ಹೋಗಿ ದೀಪ ನೋಡಿ ಬಂದೆವು.

ಆ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಧಾರವಾಡದ ಹನ್ನೊಂದು ವರ್ಷದ ಒಬ್ಬಳಿದ್ದಳು. ಗಂಗಾಮತ ಕುಲದವಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಗಾಂಧಿಯ ಎದುರು ಹಾಡುವ ಹೊತ್ತಿನಲ್ಲಿ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು? ದೇಶಭಕ್ತಿಯೇ? ರಾಗವೇ? ದೊಡ್ಡವಳಾದ ಮೇಲೆ ಅವಳೇ ನೆನಪು ಮಾಡಿಕೊಂಡು ಹೇಳಿದಳು. ಕೀಳು ಜಾತಿಯವಳೆಂದು ಊಟದ ನಂತರ ಎಲ್ಲರ ಎಂಜಲೆಲೆ ಎತ್ತಲು ತನಗೆ ಹೇಳುತ್ತಾರೇನೋ ಎಂಬ ಅಂಜಿಕೆ ಇತ್ತಂತೆ.

ಆ ಹುಡುಗಿಯೇ ಮುಂದೆ ಗಂಗೂಬಾಯಿ ಹಾನಗಲ್.

ಬಂಧುಗಳೇ, ಈ ಅಂಜಿಕೆಯನ್ನು ಸ್ವಲ್ಪ ನಿಂತು ನೋಡಿ. ಆ ಅಧಿವೇಶನದಲ್ಲಿ ಅಸ್ಪೃಶ್ಯತೆಯ ವಿರುದ್ಧ ಭಾಷಣಗಳಾದವು. ಗಾಂಧಿಯೇ ಮಾತಾಡಿದರು. ಕಕ್ಕಸು ಸ್ವಚ್ಛ ಮಾಡುವ ಸ್ವಯಂಸೇವಕರ ಪಡೆಯಲ್ಲಿ ಬ್ರಾಹ್ಮಣ ಹುಡುಗರೂ ಇದ್ದರು. ಇದನ್ನು ನಾವು ಮುಚ್ಚಿಡುವುದಿಲ್ಲ, ಅದು ಸಣ್ಣ ಕೆಲಸವಲ್ಲ. ಆದರೆ ಅಂಥ ಸಭೆಯಲ್ಲೂ ಹಾಡುವ ಹುಡುಗಿಯ ಅಂಜಿಕೆ ಹೋಗಲಿಲ್ಲ. ಯಾಕೆ? ಬ್ರಾಹ್ಮಣ ಹುಡುಗ ಪೊರಕೆ ಹಿಡಿದರೆ ಅದು ಸೇವೆ. ಎರಡು ದಿನ ಹಿಡಿದು ಕೆಳಗಿಡಬಹುದು. ಕೆಳಜಾತಿಯ ಹುಡುಗಿ ಎಲೆ ಎತ್ತಿದರೆ ಅದು ಹುಟ್ಟು. ಕೆಳಗಿಡಲು ಆಗುವುದಿಲ್ಲ. ಆ ವಯಸ್ಸಿಗೇ ಅವಳಿಗೆ ಇದು ಗೊತ್ತಿತ್ತು. ನಮ್ಮ ಕೇರಿಯ ಹನ್ನೊಂದು ವರ್ಷದ ಪ್ರತಿಯೊಂದು ಕೂಸಿಗೂ ಗೊತ್ತಿದೆ.

ಗಂಗೂಬಾಯಿ ನಮ್ಮ ಕೇರಿಯವರಲ್ಲ. ಅವರ ಕುಲ ಬೇರೆ, ಅವರ ಮೇಲಿನ ಕಟ್ಟು ಬೇರೆ. ಅವರ ಬದುಕನ್ನು ನಮ್ಮದೆಂದು ಕಸಿದುಕೊಳ್ಳಲು ನಾವು ಹೊರಟಿಲ್ಲ. ಆದರೆ ಕಲೆಗೆ ಜಾತಿ ಇಲ್ಲ ಎನ್ನುವವರು ಮೊದಲು ಬೆರಳು ಮಾಡಿ ತೋರಿಸುವುದು ಅವರನ್ನೇ. "ನೋಡ್ರಿ, ಗಂಗೂಬಾಯಿ ಹಾನಗಲ್ ಎಲ್ಲಿಂದ ಎಲ್ಲಿಗೆ ಏರಿದ್ರು!" ಆಗಲಿ, ಆ ಏರುದಾರಿಯನ್ನೇ ನೋಡೋಣ.

ಧಾರವಾಡದಲ್ಲಿ ಮೇಲ್ಜಾತಿಯವರ ಓಣಿಯಲ್ಲಿ ನಡೆದಾಗ 'ಗಾನೇವಾಲಿ' ಎಂದು ಹೀಯಾಳಿಸಿದರು. ಚಿಕ್ಕವರಿದ್ದಾಗ ನೆರೆಯವರ ತೋಟದ ಮಾವಿನಕಾಯಿಗೆ ಕೈ ಹಾಕಿದ್ದರಂತೆ. ಕದ್ದದ್ದಕ್ಕಿಂತ, ಹಾಡುವವಳ ಮಗಳು ತಮ್ಮ ತೋಟಕ್ಕೆ ಕಾಲಿಟ್ಟಳಲ್ಲ ಎಂಬುದೇ ಅವರಿಗೆ ದೊಡ್ಡದಾಯಿತು. ಹೆಸರು ಬಂದ ಮೇಲೆ ಅದೇ ಜನ ಮನೆಗೆ ಕರೆದು ಊಟಕ್ಕಿಟ್ಟರು. ಇದನ್ನೂ ಅವರೇ ಹೇಳಿದ್ದಾರೆ.

ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ಎರಡು ಪದ್ಧತಿಗಳು ಕಲಸಿಹೋಗಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ಬಿಟ್ಟರು. ಒಬ್ಬ ಕಲಾವಿದೆ ತನ್ನ ಕಲೆಯನ್ನು ಏಕೆ ಬಿಟ್ಟಳು ಎಂಬುದನ್ನು ಯಾವ ವೇದಿಕೆಯಲ್ಲೂ ಯಾರೂ ಕೇಳುವುದಿಲ್ಲ. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಬಳಿ ಕಲಿತರು. ಮನೆತನದ ಹೊಣೆ ಹೊತ್ತು ಹಾಡಿದರು. ಅಂದರೆ ರಾಗಕ್ಕೂ ಹಾಡಿದರು, ರೊಟ್ಟಿಗೂ ಹಾಡಿದರು. ಎರಡೂ ಒಂದೇ ಗಂಟಲಿಂದ ಬಂದವು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ತೊಂಬತ್ತು ದಾಟಿದ ಮೇಲೂ ವೇದಿಕೆ ಏರಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಅವರ ಹೆಸರಿದೆ. ಆದರೂ ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟು ಹಾಡಿದರೂ ಬಾಯಿಯೇ ಎಂದು ಅವರು ಹೇಳುತ್ತಿದ್ದರು. ಅದು ಜಂಬದ ಮಾತಲ್ಲ, ಲೆಕ್ಕದ ಮಾತು.

ಈಗ ಹೇಳಿ. ಇದು ಕಲೆಗೆ ಜಾತಿ ಇಲ್ಲ ಎಂಬುದಕ್ಕೆ ಸಾಕ್ಷಿಯೋ, ಜಾತಿಯನ್ನು ದಾಟಲು ಒಬ್ಬ ಹೆಂಗಸು ಎಷ್ಟು ಹಾಡಬೇಕಾಯಿತು ಎಂಬುದಕ್ಕೆ ಸಾಕ್ಷಿಯೋ? ಗಂಗೂಬಾಯಿ ಒಬ್ಬರಿಗೆ ಎಲೆ ಹಾಕಿದರು. ಎಲೆ ಎತ್ತುವ ಕೆಲಸ ಮಾತ್ರ ಕೇರಿ ಬಿಟ್ಟು ಕದಲಲಿಲ್ಲ. 1924ರಲ್ಲಿ ಒಬ್ಬ ಹುಡುಗಿ ಅಂಜಿದ್ದ ಮಾತನ್ನು ಅದೇ ಶಹರದಲ್ಲಿ ನಮ್ಮ ಕಾಕಾಗಳಿಗೆ ನಗುನಗುತ್ತಾ ಹೇಳಿದರು.

ನಾಲ್ಕು ತಿಂಗಳ ನಂತರ

ಇನ್ನೊಂದು ತಾರೀಖನ್ನೂ ನೆನಪಿಡಿ. ಆ ಅಧಿವೇಶನ ಮುಗಿದು ನಾಲ್ಕು ತಿಂಗಳಿಗೆ, 1925ರ ಏಪ್ರಿಲ್‌ನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿತು. ಅಲ್ಲಿಗೆ ಬಾಬಾಸಾಹೇಬರು ಬಂದರು. ಅದರ ನೂರನೆಯ ವರ್ಷ 2025ರಲ್ಲಿ ಬಂದು ಹೋಯಿತು. ಟಿಳಕವಾಡಿಯ ದೀಪ ನೋಡಿದ ನಮ್ಮಲ್ಲಿ ಎಷ್ಟು ಮಂದಿಗೆ ಅದು ನೆನಪಿತ್ತು? ಎರಡು ವರ್ಷದ ನಂತರ, 1927ರ ಮಾರ್ಚಿನಲ್ಲಿ, ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ, ಎಂಜಲು ಬಿಡಿ ಎಂದು ಕರೆ ಕೊಟ್ಟರು. 1928ರಲ್ಲಿ ಮಹಾರ್ ವತನದ ಬಿಟ್ಟಿ ದುಡಿತದ ವಿರುದ್ಧ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಆ ಮಾತು ನಮ್ಮ ಅಜ್ಜಂದಿರ ಅಪ್ಪಂದಿರಿಗೆ ಆಡಿದ ಮಾತು.

ಎಲೆ ಎತ್ತುವವಳ ಅಂಜಿಕೆಗೆ ಉತ್ತರ ಸಿಕ್ಕಿದ್ದು ವೇದಿಕೆಯಲ್ಲಲ್ಲ, ಇಲ್ಲಿ. ಹಾಡು ಚೆನ್ನಾಗಿ ಹಾಡಿದರೆ ಎಲೆ ಹಾಕುತ್ತಾರೆ ಎಂದು ಬಾಬಾಸಾಹೇಬರು ಹೇಳಲಿಲ್ಲ. ಎಂಜಲು ಮುಟ್ಟಬೇಡಿ ಎಂದರು. ಮೊದಲು ಬಿಡುವುದನ್ನು ಕಲಿಸಿದರು.

ಕಕ್ಕೇರಿಯ ಮಣ್ಣು

ಬಿಟ್ಟರೆ ಸಾಕೇ? ಈ ಪ್ರಶ್ನೆ ಬಂದಾಗ ನಮಗೆ ನಮ್ಮ ತಾಲೂಕಿನ ಕಕ್ಕೇರಿ ನೆನಪಾಗುತ್ತದೆ.

ಖಾನಾಪುರವೆಂದರೆ ಮಂದಿ ಕಾಡು ಎನ್ನುತ್ತಾರೆ, ಮಲಪ್ರಭೆ ಎನ್ನುತ್ತಾರೆ, ಹಲಸಿಯ ಕದಂಬರ ಗುಡಿ ಎನ್ನುತ್ತಾರೆ. ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿ ಇದೆ ಎಂದು ಹೇಳುವವರು ಕಡಿಮೆ. ಚರ್ಮ ಹದ ಮಾಡುವ ಕುಲದವ, 12ನೆಯ ಶತಮಾನದ ವಚನಕಾರ. ಬಸವಣ್ಣ ಅವನನ್ನು ತನ್ನ ಹಿರೀಕನೆಂದು ಕರೆದುಕೊಂಡ. ನಮಗೆ ಉಳಿದ ಕಕ್ಕಯ್ಯನ ವಚನಗಳು ಬೆರಳಲ್ಲಿ ಎಣಿಸುವಷ್ಟು. ಕೀಳೆನಿಸ ಕುಲದಲ್ಲಿ ನನ್ನನ್ನು ಏಕೆ ಹುಟ್ಟಿಸಿದೆ ಎಂಬ ಸಂಕಟವನ್ನು ಅವನು ನೇರವಾಗಿ ಲಿಂಗದ ಎದುರಿಗೇ ಇಟ್ಟ. ಕಲ್ಯಾಣ ಉರಿದ ಮೇಲೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರು. ಬೆನ್ನಟ್ಟಿ ಬಂದ ದಂಡಿಗೆ ಎದುರಾಗಿ ನಿಂತು ಕಕ್ಕಯ್ಯ ಈ ಮಣ್ಣಿನಲ್ಲಿ ಐಕ್ಯನಾದ ಎಂದು ನಮ್ಮ ಕಡೆಯ ಜನ ಇಂದಿಗೂ ಹೇಳುತ್ತಾರೆ.

ಕಾಲೇಜಿನಲ್ಲಿ ನಾವು ವಚನ ಸಾಹಿತ್ಯ ಓದಿದೆವು. ಕಕ್ಕಯ್ಯನ ಹೆಸರು ಒಂದು ಸಾಲಿನಲ್ಲಿ, ಇತರರ ಹೆಸರಿನ ಜೊತೆ ಬಂದು ಹೋಯಿತು. ನಮ್ಮ ತಾಲೂಕಿನಲ್ಲೇ ಅವನ ಸಮಾಧಿ ಇದೆ ಎಂದು ನಮಗೆ ತಿಳಿದದ್ದು ಪುಸ್ತಕದಿಂದಲ್ಲ, ಬಸ್ಸಿನಲ್ಲಿ ಪಕ್ಕ ಕುಂತ ಒಬ್ಬ ಮುದುಕಿಯಿಂದ.

ಜನ ಹೇಳುವ ಆ ಕತೆಯಲ್ಲಿ ಕಕ್ಕಯ್ಯ ಕಾಯ್ದದ್ದು ತನ್ನ ನಾಲ್ಕಾರು ವಚನಗಳನ್ನಷ್ಟೇ ಅಲ್ಲ. ಆ ಕಟ್ಟುಗಳಲ್ಲಿ ಎಲ್ಲರ ವಚನಗಳಿದ್ದವು. ಚರ್ಮ ಹದ ಮಾಡುವ ಕೈ ಕನ್ನಡದ ಕಾವ್ಯವನ್ನು ಕಾಯ್ದಿತು. ಹಾಗಾದರೆ ಕಕ್ಕಯ್ಯ ಏಕೆ ಬರೆದ? ಯಶಸ್ಸಿಗಲ್ಲ, ಹಣಕ್ಕಲ್ಲ. ಬಾಯಿ ಮುಚ್ಚಿಸಿದ್ದ ನೋವಿಗೆ ಬಾಯಿ ಬೇಕಿತ್ತು. ಮಮ್ಮಟನ ಪಟ್ಟಿಯಲ್ಲಿ ಈ ಏಳನೆಯ ಕಾರಣ ಇಲ್ಲ.

ಸುಡಬೇಕೋ, ಉಳಿಸಬೇಕೋ

ಆ ಸಭೆಯಿಂದ ಮರಳಿ ಬಂದ ರಾತ್ರಿ ನಮ್ಮ ನಮ್ಮಲ್ಲೇ ಜಗಳವಾಯಿತು. ಒಬ್ಬ ಹೇಳಿದ: "ಹಲಗಿ ಸುಟ್ಟು ಹಾಕೂಣು. ಅದು ಕೈಯಾಗ ಇರೂತನಕ ನಮ್ಮನ್ನ ಕರೀತಾರ, ಎಲಿ ಎತ್ತಸ್ತಾರ." ಇನ್ನೊಬ್ಬ ಹೇಳಿದ: "ಸುಟ್ಟರ ನಮ್ಮ ಹಂತೇಕ ಏನ ಉಳೀತು? ಅವರ ತಬಲಾ ಉಳೀತದ, ನಮ್ಮ ಹಲಗಿ ಹೋಗ್ತದ." ಇಬ್ಬರ ಮಾತಿನಲ್ಲೂ ನಿಜವಿದೆ. ಇದು ನಮ್ಮ ನಾಲ್ವರ ಜಗಳವಷ್ಟೇ ಅಲ್ಲ, ಚಳವಳಿಯೊಳಗೇ ನಡೆದು ಬಂದ ಜಗಳ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಹಿರಿಯರು ಹೆಣದ ಮುಂದೆ ಬಾರಿಸುವುದಿಲ್ಲ ಎಂದು ಹಲಗಿ ಕೆಳಗಿಟ್ಟರು. ಕೆಳಗಿಟ್ಟದ್ದಕ್ಕೆ ಏಟು ತಿಂದರು. ಅದೇ ಹಲಗಿ, ಅದೇ ತಮಟೆ ಮುಂದೆ ಚಳವಳಿಯ ಜಾಥಾಗಳಲ್ಲಿ ಮತ್ತೆ ಎದ್ದಿತು. ಗಡಿಯಾಚೆ ಮರಾಠಿ ಸೀಮೆಯಲ್ಲಿ ನಮ್ಮ ಬಂಧುಗಳು ಊರ ಮಂದಿಯನ್ನು ನಗಿಸುವ ತಮಾಷಾ ಬಿಟ್ಟು, ಅದೇ ಕೊರಳು, ಅದೇ ಡೋಲಕಿಯಿಂದ ಅಂಬೇಡ್ಕರಿ ಜಲಸಾ ಕಟ್ಟಿದರು. ಭೀಮರಾವ್ ಕರಡಕ, ವಾಮನ ಕರಡಕ ಅವರ ಹೆಸರು ನಮ್ಮ ಕೇರಿಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಒಂದು ಕಾರಣಕ್ಕೆ ಕೆಳಗಿಟ್ಟರು, ಇನ್ನೊಂದು ಕಾರಣಕ್ಕೆ ಎತ್ತಿಕೊಂಡರು.

ನಡುವೆ ಕೆಲವು ವಿದ್ವಾಂಸರು ಬರುತ್ತಾರೆ. "ಹಲಗಿ ಕಲೆ ಅಳಿಯುತ್ತಿದೆ, ನಿಮ್ಮ ಮಕ್ಕಳಿಗೆ ಕಲಿಸಿ" ಎನ್ನುತ್ತಾರೆ. ನಮ್ಮ ಮಕ್ಕಳಿಗೇ ಏಕೆ ಸ್ವಾಮಿ? ನಿಮ್ಮ ಮಕ್ಕಳಿಗೆ ಕೈ ಇಲ್ಲವೇ? ತಬಲಾ ಕ್ಲಾಸಿಗೆ ನಿಮ್ಮ ಮಕ್ಕಳು ಹೋಗುತ್ತಾರೆ. ತಬಲಾಕ್ಕೂ ಚರ್ಮವನ್ನೇ ಬಿಗಿದಿರುತ್ತಾರೆ. ಮೃದಂಗ ಮಾಡುವ ದಲಿತ ಕ್ರೈಸ್ತ ಮನೆತನಗಳ ಬಗ್ಗೆ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ತಂದಾಗ, ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ಪಡೆಯಿತು. ಬಾರಿಸುವವನಿಗೆ ಶಾಲು, ಚರ್ಮ ಬಿಗಿದವನ ಹೆಸರು ಬಂದರೆ ಸಭಾಂಗಣವೇ ಇಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂದಾಗಲೂ ಸಾಹಿತ್ಯದಲ್ಲಿ ಅಂಥ ಭೇದ ಇಲ್ಲವೆಂದು ನಿರಾಕರಿಸಿದರು. ಆ 'ಇಲ್ಲ'ದಿಂದಲೇ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಭೇದ ಇಲ್ಲ ಎನ್ನುವ ಮಾತು ಯಾವಾಗಲೂ ಭೇದ ಮಾಡುವವರ ಬಾಯಿಂದಲೇ ಬರುತ್ತದೆ.

ನಮ್ಮ ಜಗಳ ಬಗೆಹರಿಯದೆ ಮರುದಿನ ಅಜ್ಜನ ಹತ್ತಿರ ಹೋದೆವು. ವೇದಿಕೆಯ ಮೇಲೆ ಕೇಳಿದ್ದ ಅದೇ ಪ್ರಶ್ನೆ ಕೇಳಿದೆವು: "ಅಜ್ಜಾ, ನೀ ಜೀವಮಾನಪೂರ್ತಿ ಹಲಗಿ ಯಾಕ ಬಾರಿಸಿದಿ?"

ಅಜ್ಜ ನಕ್ಕ. "ಯಾಕ ಬಾರಸ್ತಿ ಅಂತ ನನಗ ಇವತ್ತಿನ ತನಕ ಯಾರೂ ಕೇಳಿಲ್ಲೋ ತಮ್ಮಾ. ಬಾರಸದಿದ್ರ, ಯಾಕ ಬಾರಸಲಿಲ್ಲ ಅಂತ ಕೇಳ್ಯಾರ."

ಆಮೇಲೆ ತಾನೇ ಮಾತು ಮುಂದುವರಿಸಿದ. "ನಮ್ಮಪ್ಪ ಊರಿಗಿ ಬಾರಸ್ತಿದ್ದ. ಹೆಣಕ್ಕ ಒಂದ ನಮೂನಿ, ಕುಸ್ತಿಗಿ ಒಂದ ನಮೂನಿ, ಮದವಿಗಿ ಒಂದ ನಮೂನಿ. ಅದಕ್ಕ ಕಾಳ ಕೊಡ್ತಿದ್ರು. ಆದ್ರ ರಾತ್ರಿ ಮನಿಗಿ ಬಂದು ಒಲಿ ಮುಂದ ಕುಂತು ನನ್ನ ಕೈ ತಿದ್ದತಿದ್ದ. ಕೋಲ ಇಲ್ಲ, ಬರೇ ಬಟ್ಟಲೆ. ಸಪ್ಪಳಾದ್ರ ಮಂದಿ ಏಳ್ತಾರಂತ ಮೆಲ್ಲಕ. ಅಲ್ಲಿ ಬಾರಸ್ತಿದ್ದಲ್ಲ, ಅದನ್ನ ಅವ ಊರಾಗ ಎಂದೂ ಬಾರಸಲಿಲ್ಲ. ಅದಕ್ಕ ಯಾರೂ ಕಾಳ ಕೊಡಲಿಲ್ಲ, ಯಾರೂ ಕರೀಲಿಲ್ಲ. ಆದ್ರೂ ತಿದ್ದತಿದ್ದ."

ಬಂಧುಗಳೇ, ಮಮ್ಮಟನ ಆರರಲ್ಲಿ ನಾವು ಬಾಕಿ ಇಟ್ಟಿದ್ದ ಆನಂದ ಇದೇ. ಒಲೆಯ ಬೆಳಕಿನಲ್ಲಿ, ಕೋಲಿಲ್ಲದೆ, ಮಗನಿಗೆ ಮಾತ್ರ ಕೇಳುವ ಹಾಗೆ. ಆಯ ಕಟ್ಟಿಹಾಕದಿದ್ದ, ಊರ ಗೌಡನಿಗೆ ಗೊತ್ತೇ ಇಲ್ಲದಿದ್ದ ಹಲಗಿ ಅದು. ಬಿಟ್ಟಿಯ ಹಲಗಿ ಒಂದು, ನಮ್ಮ ಹಲಗಿ ಇನ್ನೊಂದು. ಚರ್ಮ ಒಂದೇ, ಹಲಗಿ ಎರಡು. ನಾವು ಸುಡಬೇಕಾದದ್ದು ಮೊದಲನೆಯದನ್ನು. ಎತ್ತಿಕೊಳ್ಳಬೇಕಾದದ್ದು ಎರಡನೆಯದನ್ನು. ಮೊದಲನೆಯದನ್ನು ಕೆಳಗಿಡುವ ಹಕ್ಕು ಸಿಗದ ಹೊರತು ಎರಡನೆಯದು ಒಲೆ ಬಿಟ್ಟು ಹೊರಗೆ ಬರುವುದಿಲ್ಲ. 'ಇಲ್ಲ, ಬಾರಿಸುವುದಿಲ್ಲ' ಎನ್ನಲು ಬರುವವನು ಮಾತ್ರ 'ನಾನು ಬಾರಿಸುತ್ತೇನೆ' ಎನ್ನಬಲ್ಲ. ಕಲಾವಿದ ಎಂದರೆ ಅವನೇ. ಉಳಿದದ್ದೆಲ್ಲ ಚಾಕರಿ.

ಕೊನೆಗೆ ಕೇಳಲೋ ಬೇಡವೋ ಎಂದುಕೊಂಡು ಕೇಳಿದೆವು: "ಅಜ್ಜಾ, ಅವತ್ತ ಎಲ್ಲಾರೂ ಎಲಿ ಎತ್ತಾಕ ಎದ್ರು. ನೀ ಯಾಕ ಏಳಲಿಲ್ಲ?"

"ಕೈಯಾಗ ಹಲಗಿ ಇತ್ತಲ್ಲೋ" ಎಂದ.

ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆದರೂ ನಾವು ಆ ಕಾರ್ಯಕರ್ತನ ಕೈ ಹಿಡಿದು ನಿಲ್ಲಿಸಲಿಲ್ಲ. ಎಲೆ ಎತ್ತಿದ ಕಾಕಾಗಳ ಮೇಲೆ ನಾವು ತಪ್ಪು ಹೊರಿಸುವುದಿಲ್ಲ, ಅವರ ಪಾಕೀಟು ಇನ್ನೊಬ್ಬರ ಕಿಸೆಯಲ್ಲಿತ್ತು. ತಪ್ಪು ನಮ್ಮದು.

ನಮ್ಮ ತೀರ್ಮಾನ

ತಪ್ಪೊಪ್ಪಿಕೊಂಡು ಮನೆಗೆ ಹೋಗುವುದಕ್ಕಾಗಿ ಇದನ್ನು ಬರೆದಿಲ್ಲ. ನಮ್ಮ ಕೇರಿಯಲ್ಲಿ ಕೂತು ಕೆಲವು ಮಾತು ಕಟ್ಟಿದ್ದೇವೆ. ನಿಮ್ಮ ಕೇರಿಯಲ್ಲೂ ಕೂತು ಮಾತಾಡಿ.

ಒಂದು. ಹೆಣದ ಮುಂದೆ, ಡಂಗುರಕ್ಕೆ, ಊರ ಹಿರಿಯರ ಮನೆಯ ಹಬ್ಬಕ್ಕೆ ಬಿಟ್ಟಿಯಾಗಿ ಹಲಗಿ ಇಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೇ ರದ್ದು ಮಾಡಿದೆ. ನಮ್ಮಿಂದ ಬಿಟ್ಟಿ ದುಡಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಕೇಳಿದವರಿಗೆ ಇಸವಿ ಸಮೇತ ಹೇಳಿ.

ಎರಡು. ಕರೆಯುವವರು ಮೊದಲೇ ಕಾಗದದಲ್ಲಿ ಬರೆದು ಕೊಡಬೇಕು. ಎಷ್ಟು ಮಂದಿ, ಎಷ್ಟು ತಾಸು, ತಲೆಗೆ ಎಷ್ಟು ರೊಕ್ಕ. ಅರ್ಧ ರೊಕ್ಕ ಮುಂಗಡ. ಕರೆಯೋಲೆಯಲ್ಲಿ 'ಮೇಳ' ಎಂದಷ್ಟೇ ಹಾಕಿದರೆ ಹೋಗುವುದಿಲ್ಲ. ಐದು ಮಂದಿಗೆ ಐದು ಹೆಸರು.

ಮೂರು. ಹಲಗಿ ಬಾಗಿಲಲ್ಲಿ ನಿಲ್ಲುವುದಿಲ್ಲ. ಒಳಗೆ ಕರೆದರೆ ಬರುತ್ತೇವೆ, ಇಲ್ಲವಾದರೆ ಅಲ್ಲಿಂದಲೇ ಖಾನಾಪುರದ ಬಸ್ಸು ಹಿಡಿಯುತ್ತೇವೆ. ಊಟ ಒಂದೇ ಪಂಕ್ತಿ.

ನಾಲ್ಕು. ಉಂಡವರು ತಮ್ಮ ಎಲೆ ತಾವೇ ಎತ್ತಬೇಕು. ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳುತ್ತಿದ್ದೇವೆ. ನಮ್ಮ ಸಭೆಗಳಲ್ಲಿ ಭಾಷಣ ಮುಗಿದು ಊಟವಾದ ಮೇಲೆ ಎಲೆ ಎತ್ತುವವರು ಯಾರು? ನಮ್ಮ ಅವ್ವಂದಿರು, ಅಕ್ಕಂದಿರು. ಸಮಾನತೆಯ ಬಗ್ಗೆ ಒಂದು ತಾಸು ಮಾತಾಡಿದ ನಾವು ಕೈ ತೊಳೆದು ಬೀಡಿ ಹಚ್ಚುತ್ತೇವೆ. ಬೆಳಗಾವಿಯ ಬಯಲಲ್ಲಿ ಅಂಜಿದವಳು ಹುಡುಗಿ ಎಂಬುದನ್ನು ನಾವು ಮರೆಯಬಾರದು. ಇನ್ನು ಮುಂದೆ ನಮ್ಮ ಸಭೆಗಳಲ್ಲಿ ಅಧ್ಯಕ್ಷರಿಂದ ಹಿಡಿದು ಎಲ್ಲರೂ ತಮ್ಮ ತಮ್ಮ ಎಲೆ ಎತ್ತಬೇಕು.

ಐದು. ಅಜ್ಜ ಕಲಿಸಲು ಒಪ್ಪಿದ್ದಾನೆ. ಪ್ರತಿ ಭಾನುವಾರ ಸಂಜೆ, ಕೇರಿಯ ಸಮುದಾಯ ಭವನದ ಮುಂದೆ. ಗಂಡು ಹುಡುಗರಿಗಷ್ಟೇ ಅಲ್ಲ, ಹೆಣ್ಣು ಹುಡುಗಿಯರಿಗೂ. ಯಾವ ಜಾತಿಯವರು ಬಂದರೂ ಕಲಿಸುತ್ತಾನಂತೆ. ಕಲೆಗೆ ಜಾತಿ ಇಲ್ಲ ಎಂದು ಆ ದಿನ ಚಪ್ಪಾಳೆ ತಟ್ಟಿದವರು ತಮ್ಮ ಮಕ್ಕಳನ್ನು ಕಳಿಸಲಿ. ಮೊದಲು ಅಪ್ಪ ತಿದ್ದಿದ ಆ ರಾತ್ರಿಯ ಬಾರಿಸುವಿಕೆಯನ್ನೇ ಕಲಿಸುತ್ತಾನಂತೆ, ಈ ಸಲ ಕೋಲು ಹಿಡಿದು, ಗಟ್ಟಿಯಾಗಿ.

ಹಲಗಿ ಕಾಸಲು ಹುಲ್ಲು ಬೇಕು. ಬರುವವರು ಒಂದೊಂದು ಸಿವುಡು ತನ್ನಿ.

ಜೈ ಭೀಮ್.